ಅತ್ತೆಗೆ ನಾಗಿಣಿ ಸೀರಿಯಲ್ ಬೇಕು, ಮಗಳಿಗೆ ರಾತ್ರಿ ನಿದ್ದೆ ಇಲ್ಲ: ಏನ್ ಮಾಡ್ಲಿ?

ಪ್ರಶ್ನೆ: ಡಾಕ್ಟ್ರೇ, ಸುಂಟಿಕೊಪ್ಪ ಹತ್ರ ನಮ್ಮದೊಂದು ಸಣ್ಣ ಕಾಫಿ ತೋಟ. ಮನೇಲಿ ನಾನು, ಮೂರನೇ ಕ್ಲಾಸ್ ಓದೋ ಮಗಳು, ನಮ್ಮತ್ತೆ. ಯಜಮಾನ್ರು ಮೈಸೂರಲ್ಲಿ ಕೆಲಸ, ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾರೆ. ಅತ್ತೆ ಮೊದಲು ಮಕ್ಕಂದೂರು ಕಡೆ ಹಳೇ ಮನೇಲಿದ್ರು, 2018ರ ಮಳೇಲಿ ಮನೆ, ತೋಟ ಎರಡೂ ಹೋಯ್ತು, ಆಮೇಲೆ ನಮ್ಮ ಜೊತೆಗೇ ಇದಾರೆ. ಅವ್ರಿಗೆ ಸಂಜೆ ಏಳರಿಂದ ಒಂಬತ್ತೂವರೆ ತನಕ ಟಿವಿ ಬೇಕು, ಅದ್ರಲ್ಲೂ ನಾಗಿಣಿ, ಆತ್ಮ, ಮಾಟ ಮಂತ್ರ ಇರೋ ಸೀರಿಯಲ್ಲೇ ಆಗ್ಬೇಕು, ಮಳೆ ಜೋರಾದಷ್ಟೂ ವಾಲ್ಯೂಮ್ ಜಾಸ್ತಿ ಮಾಡ್ತಾರೆ. ಹೋದ ತಿಂಗಳು ಆತ್ಮದ ಮುಖ ದೊಡ್ಡದಾಗಿ ಬಂದಾಗ್ಲೇ ಮಳೆಗೆ ಡಿಶ್ ಸಿಗ್ನಲ್ ಹೋಗಿ ಆ ಮುಖ ಚೂರು ಚೂರಾಗಿ ಹಾಗೇ ನಿಂತ್ಕೊಂಡ್ತು, ಸ್ವಲ್ಪ ಹೊತ್ತಿಗೆ ಕರೆಂಟೂ ಹೋಯ್ತು. ಅವತ್ತಿಂದ ಮಗಳು ಹೊರಗಿನ ಬಾತ್‌ರೂಮಿಗೆ ಒಬ್ಬಳೇ ಹೋಗಲ್ಲ, ರಾತ್ರಿ ಎದ್ದು ಅಳ್ತಾಳೆ. ಇದರ ಮಧ್ಯ ಸೌದೆ ರಾಶಿ ಹತ್ರ ಕೆಲಸದವ್ರು ಒಂದು ಕೇರೆ ಹಾವು ಹೊಡೆದ್ರು, ಅತ್ತೆ ಅದನ್ನೇ ಹಿಡ್ಕೊಂಡು ನಾಗದೋಷ, ಪೂಜೆ ಮಾಡಿಸ್ಬೇಕು ಅಂತಿದಾರೆ, ಜ್ಯೋತಿಷಿ ಹೇಳಿದ ಖರ್ಚು ಕೇಳಿ ತಲೆ ತಿರುಗ್ತು. ಒಂದ್ಸಲ ನನಗೇ ಬೆಳಗಿನ ಜಾವ ಎಚ್ಚರ ಆಗಿ ಕೈಕಾಲು ಆಡದೆ ಎದೆ ಮೇಲೆ ಯಾರೋ ಕೂತಂಗೆ ಆಯ್ತು. ನಾಚಿಕೆ ಬಿಟ್ಟು ಇನ್ನೊಂದು ಹೇಳ್ತೀನಿ, ಡಿಗ್ರಿ ಮಾಡಿದೀನಿ, ಆದ್ರೂ ಆ ಸೀರಿಯಲ್ ನಾನೂ ಬಿಡದೆ ನೋಡ್ತೀನಿ. ಅದ್ರಲ್ಲಿ ಏನಾದ್ರೂ ಅರ್ಥ ಇದ್ಯಾ, ಇಲ್ಲಾ ಬರೀ ಕಸಾನಾ? ಡಿಶ್ ಕಿತ್ತು ಹಾಕ್ಲಾ?

ಉತ್ತರ: ಡಿಶ್ ಕೀಳ್ಬೇಡಿ, ಸದ್ಯಕ್ಕಂತೂ ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ.

ನಿಮ್ಮ ಪತ್ರದಲ್ಲಿ ನಾಲ್ಕು ವಿಷಯ ಒಂದಕ್ಕೊಂದು ಸಿಕ್ಕಾಕ್ಕೊಂಡಿದೆ, ಮಗಳ ಭಯ, ಅತ್ತೆಯ ನಂಬಿಕೆ, ನಿಮ್ಮ ಎದೆ ಮೇಲೆ ಕೂತಿದ್ದು, ಆಮೇಲೆ ನಿಮ್ಮ ನಾಚಿಕೆ. ನಾಲ್ಕಕ್ಕೂ ಸೀರಿಯಲ್ಲೇ ಕಾರಣ ಅಂತ ನೀವು ಅಂದ್ಕೊಂಡಿದೀರಿ. ನನಗೆ ಹಾಗನ್ನಿಸಲ್ಲ, ಮಗಳ ವಿಷಯದಲ್ಲಿ ಸೀರಿಯಲ್ ಪಾತ್ರ ಜಾಸ್ತಿನೇ ಇದೆ, ಅತ್ತೆ ವಿಷಯದಲ್ಲಿ ತುಂಬಾ ಕಮ್ಮಿ.

ಹಾವಿನ ವಿಷಯ ಬೇಗ ಮುಗಿಸ್ಬಿಡೋಣ. ಕೇರೆ ಹಾವಿಗೆ ವಿಷ ಇಲ್ಲ, ಸೌದೆ ರಾಶಿಗೆ ಬಂದಿದ್ದು ಇಲಿ ಹುಡುಕ್ಕೊಂಡು. ಹಾವಿಗೆ ಮನುಷ್ಯರ ಮುಖ ನೆನಪಿಟ್ಕೊಂಡು ಹನ್ನೆರಡು ವರ್ಷ ಕಾಯೋವಂಥ ಮೆದುಳಿಲ್ಲ, ಅದು ಹಾಲು ಕುಡಿಯೋ ಪ್ರಾಣಿ ಅಲ್ಲ, ತಲೇಲಿ ಮಣಿನೂ ಇರಲ್ಲ. ಎರಡು ಕೇರೆ ಹಾವು ಹೆಣೆದುಕೊಂಡು ಎದ್ದು ನಿಂತಿದ್ದನ್ನ ನಾವು ನಾಗ ನಾಗಿಣಿ ಪ್ರೇಮ ಅಂತ ದೂರದಿಂದ ಕೈಮುಗೀತೀವಿ, ಸಾಮಾನ್ಯವಾಗಿ ಅದು ಎರಡು ಗಂಡು ಹಾವುಗಳ ಜಗಳ. ಹೊಡೆದಿದ್ದು ತಪ್ಪೇ, 1972ರ ವನ್ಯಜೀವಿ ಕಾಯ್ದೆ ಪ್ರಕಾರನೂ ತಪ್ಪು. ಮುಂದಿನ ಸಲ ಅರಣ್ಯ ಇಲಾಖೆಗೋ ಊರಲ್ಲಿ ಹಾವು ಹಿಡಿಯೋರಿಗೋ ಫೋನ್ ಮಾಡಿ. ತೋಟದಲ್ಲಿ ನಾಗರ, ಕೊಳಕುಮಂಡಲ ಎಲ್ಲ ಓಡಾಡ್ತಾವೆ, ಯಾರಿಗಾದ್ರೂ ಕಚ್ಚಿದ್ರೆ ಮಾತ್ರ ಸೀರಿಯಲ್ಲಲ್ಲಿ ತೋರ್ಸೋ ಹಾಗೆ ಬಾಯಲ್ಲಿ ಹೀರೋದು, ಬಿಗಿಯಾಗಿ ಕಟ್ಟೋದು, ಮಂತ್ರ ಹಾಕ್ಸೋದು ಯಾವ್ದೂ ಬೇಡ, ಸೀದಾ ಆಸ್ಪತ್ರೆಗೆ ಹೋಗಿ, ಔಷಧಿ ಇರೋದು ಅಲ್ಲೇ.

ನಿಮ್ಮ ಎದೆ ಮೇಲೆ ಕೂತಿದ್ದು ಯಾರೂ ಅಲ್ಲ. ಕನಸು ಬೀಳೋ ಹೊತ್ತಿನ ನಿದ್ದೇಲಿ ಮೆದುಳು ಕೈಕಾಲುಗಳನ್ನ ಸ್ವಿಚ್ ಆಫ್ ಮಾಡಿಟ್ಟಿರತ್ತೆ, ಇಲ್ಲಾಂದ್ರೆ ಕನಸಲ್ಲಿ ಓಡಿದಾಗ ಮಂಚದಿಂದ ಕೆಳಗೆ ಬೀಳ್ತಿದ್ವಿ. ಕೆಲವೊಮ್ಮೆ ಎಚ್ಚರ ಮೊದಲು ಬಂದ್ಬಿಡತ್ತೆ, ಆ ಸ್ವಿಚ್ ಆನ್ ಆಗೋದು ಸ್ವಲ್ಪ ತಡ ಆಗತ್ತೆ. ಆಗ ಎದೆ ಭಾರ, ರೂಮಲ್ಲಿ ಯಾರೋ ಇದ್ದಂಗೆ ಅನ್ನಿಸೋದು ಎಲ್ಲಾ ದೇಶದಲ್ಲೂ ಜನ ಹೇಳೋ ಅನುಭವ. ನಿದ್ದೆ ಕೆಟ್ಟಾಗ, ಅಂಗಾತ ಮಲಗಿದಾಗ ಜಾಸ್ತಿ. ಮಗಳು ರಾತ್ರಿ ಎದ್ದೆದ್ದು ಅತ್ರೆ ನಿಮಗೆಲ್ಲಿಂದ ನೆಟ್ಟಗೆ ನಿದ್ದೆ ಬರ್ಬೇಕು. ಪಕ್ಕಕ್ಕೆ ತಿರುಗಿ ಮಲಗಿ, ಅಪರೂಪಕ್ಕೆ ಬಂದ್ರೆ ತಲೆ ಕೆಡಿಸ್ಕೋಬೇಡಿ. ಪದೇ ಪದೇ ಬಂದು ಹಗಲಲ್ಲೂ ತೂಕಡಿಕೆ ಅಂತಾದ್ರೆ ಮಾತ್ರ ತೋರಿಸಿ.

ಈಗ ಮಗಳ ವಿಷಯ. ಅವಳು ಹೆದರಿದ್ದು ಆ ಕತೆಗೆ ಅಂತ ನನಗೆ ಅನ್ನಿಸಲ್ಲ, ಎಂಟು ವರ್ಷದ ಮಗುಗೆ ಆ ಕತೆ ಅರ್ಧನೂ ಅರ್ಥ ಆಗಿರಲ್ಲ. ಅವಳು ಹೆದರಿದ್ದು ಮುಗೀದೇ ಹೋದ ಒಂದು ಕ್ಷಣಕ್ಕೆ. ನೋಡಿ, ಭಯದ ಸೀನಲ್ಲಿ ಮೊದಲು ಸೌಂಡು ಕಮ್ಮಿ ಆಗತ್ತೆ, ಆಮೇಲೆ ಧಡ್ ಅಂತ ಒಂದು ಸದ್ದು, ಮೈ ಝುಂ ಅನ್ನತ್ತೆ, ಆಮೇಲೆ ದೇವಸ್ಥಾನದ ಗಂಟೆನೋ ಹೀರೋ ಎಂಟ್ರಿನೋ ಬಂದು ಉಸಿರು ಕೆಳಗಿಳಿಯತ್ತೆ. ಡಾಲ್ಫ್ ಜಿಲ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲೇ ಇದನ್ನ ವಿವರಿಸಿದ್ರು, ಹೆದರಿಕೆಯಿಂದ ಮೈಯಲ್ಲಿ ಎದ್ದ ಬಿಸಿ ತಕ್ಷಣ ಆರಲ್ಲ, ಅದರ ಮೇಲೆ ನೆಮ್ಮದಿ ಬಂದ್ರೆ ಆ ನೆಮ್ಮದಿಯೇ ಡಬಲ್ ಆಗಿ ಅನ್ನಿಸತ್ತೆ ಅಂತ. ಹೆದರ್ಸೋ ಕತೆ ಜನಕ್ಕೆ ಯಾಕಿಷ್ಟು ಇಷ್ಟ ಅನ್ನೋದಕ್ಕೆ ಅರ್ಧ ಉತ್ತರ ಇದ್ರಲ್ಲೇ ಇದೆ. ನಿಮ್ಮ ಮಗಳಿಗೆ ಮೊದಲ ಭಾಗ ಸಿಕ್ತು, ಎರಡನೇದು ಸಿಗಲೇ ಇಲ್ಲ. ಡಿಶ್ ಸಿಗ್ನಲ್ ಅಂದ್ರೆ ಅದು ತುಂಬ ಹೆಚ್ಚು ಫ್ರೀಕ್ವೆನ್ಸಿದು, ದಪ್ಪ ಮಳೆಹನಿ ಅದನ್ನ ನುಂಗತ್ತೆ, ಹಾಗಾಗಿ ನಮ್ಮೂರ ಜುಲೈ ಮಳೇಲಿ ಚಿತ್ರ ಚೌಕ ಚೌಕ ಆಗಿ ನಿಲ್ಲೋದು ದಿನಾ ಇದ್ದದ್ದೇ. ಅವತ್ತು ನಿಂತಿದ್ದು ಆ ಮುಖದ ಮೇಲೆ, ಅದರ ಬೆನ್ನಿಗೇ ಕತ್ತಲು. ಅವಳ ತಲೇಲಿ ಆ ಮುಖ ಇನ್ನೂ ಅಲ್ಲೇ ನಿಂತಿದೆ.

ಇದಕ್ಕೆ ಮನೆಮಂದಿ ಸಾಮಾನ್ಯವಾಗಿ ಹೇಳೋದು ಎರಡೇ ಮಾತು, ಒಂದು ಅದೆಲ್ಲ ಸುಳ್ಳು ಕಣೇ, ಇನ್ನೊಂದು ಇಷ್ಟು ದೊಡ್ಡವಳಾಗಿ ನಾಚಿಕೆ ಆಗಲ್ವಾ. ಎರಡನೇದನ್ನ ದಯವಿಟ್ಟು ಯಾರೂ ಹೇಳ್ಬೇಡಿ. ಮೊದಲನೇದು ನಿಜಾನೇ ಆದ್ರೂ ಬರೀ ಬಾಯಲ್ಲಿ ಹೇಳಿದ್ರೆ ಚಿಕ್ಕ ಮಕ್ಕಳಿಗೆ ಅಷ್ಟಾಗಿ ನಾಟಲ್ಲ. ಜೋಆನ್ ಕ್ಯಾಂಟರ್ ಅಂತ ಅಮೆರಿಕದ ಸಂಶೋಧಕಿ ಮಕ್ಕಳ ಟಿವಿ ಭಯದ ಮೇಲೇ ಎಷ್ಟೋ ಕಾಲ ಕೆಲಸ ಮಾಡಿದವರು, ಅವರು ಕಂಡಿದ್ದೂ ಇದೇನೇ, ಚಿಕ್ಕ ಮಕ್ಕಳಿಗೆ ವಿವರಣೆಗಿಂತ ಅಪ್ಪಿಕೊಳ್ಳೋದು, ಮುಟ್ಟಿ ನೋಡೋದು, ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡ್ಸೋದು ಕೆಲಸ ಮಾಡತ್ತೆ, ದೊಡ್ಡ ಮಕ್ಕಳಿಗೆ ವಿವರಣೆನೂ ಹಿಡಿಸತ್ತೆ. ನಿಮ್ಮ ಮಗಳು ಎರಡರ ನಡುವಿನ ವಯಸ್ಸು, ಹಾಗಾಗಿ ಎರಡೂ ಮಾಡಿ.

ಭಾನುವಾರ ಬೆಳಿಗ್ಗೆ, ಬಿಸಿಲಿಲ್ಲದಿದ್ರೂ ಬೆಳಕಿರೋ ಹೊತ್ತಲ್ಲಿ, ಅಪ್ಪ ಮನೇಲಿರುವಾಗ ಅದೇ ಎಪಿಸೋಡನ್ನ ಫೋನಲ್ಲಿ ಹಾಕಿ. ಚಿಕ್ಕ ಸ್ಕ್ರೀನು, ಮೊದಲು ಸೌಂಡ್ ಮ್ಯೂಟು. ಆ ಮುಖ ಬಂದಾಗ ನಿಲ್ಸೋದು, ಮುಂದಕ್ಕೆ ಓಡ್ಸೋದು ಅವಳ ಬೆರಳಲ್ಲೇ ಆಗ್ಲಿ. ಸೌಂಡ್ ಇಲ್ಲದ ದೆವ್ವ ಎಷ್ಟು ಪೆದ್ದಾಗಿ ಕಾಣತ್ತೆ ಅಂತ ನೀವೂ ನೋಡ್ತೀರಿ. ಆಮೇಲೆ ಮುಂದೆ ಏನಾಯ್ತು ಅಂತ ಕೊನೆ ತನಕ ನೋಡ್ಲಿ, ಅವಳಿಗೆ ಬೇಕಿರೋದು ಅದೇ. ಅವಳು ಬೇಡ ಅಂದ್ರೆ ಒತ್ತಾಯ ಮಾಡ್ಬೇಡಿ, ಒತ್ತಾಯ ಮಾಡಿದ್ರೆ ಭಯ ಇನ್ನೂ ಗಟ್ಟಿ ಆಗೋ ರಿಸ್ಕ್ ಇದೆ, ಮುಂದಿನ ವಾರ ಕೇಳಿ. ಹೊರಗಿನ ಬಾತ್‌ರೂಮಿಗೆ ಅವಳದ್ದೇ ಒಂದು ಟಾರ್ಚ್ ಕೊಡಿ, ಮೊದಲು ನೀವು ಬಾಗಿಲ ತನಕ ಹೋಗಿ, ಆಮೇಲೆ ಜಗಲಿ ತನಕ, ಆಮೇಲೆ ಅಡಿಗೆಮನೆಯಿಂದ ಮಾತಾಡಿಸ್ತಾ ಇರಿ. ಇನ್ನೊಂದು ವಿಷಯ, ಸೀರಿಯಲ್ ನಿಲ್ಸಿದ್ರೂ ಪ್ರೋಮೋ ನಿಲ್ಲಲ್ಲ, ಇಡೀ ಎಪಿಸೋಡಿನ ಭಯಂಕರ ಭಾಗನೇ ಆರಿಸಿ ಮೂವತ್ತು ಸೆಕೆಂಡಲ್ಲಿ ತುಂಬಿರ್ತಾರೆ, ಹಾಸ್ಯ ಕಾರ್ಯಕ್ರಮದ ಮಧ್ಯನೂ ಬರತ್ತೆ. ಆ ಎರಡೂವರೆ ಗಂಟೆ ಮಗಳು ಟಿವಿ ಇರೋ ರೂಮಲ್ಲಿ ಇರೋದೇ ಬೇಡ.

ಅರ್ಥ ಇದ್ಯಾ ಇಲ್ವಾ ಅಂತ ಕೇಳಿದ್ರಲ್ಲ. ಇದೆ, ಆದ್ರೆ ಅರ್ಥ ಇರೋದು ಒಂದು ಕಡೆ, ಚಾನೆಲ್‌ನೋರು ಎಳೀತಿರೋದು ಇನ್ನೊಂದು ಕಡೆ. ಯಾವುದೇ ಆತ್ಮದ ಸೀರಿಯಲ್ ತಗೊಳ್ಳಿ, ಆ ಆತ್ಮ ಯಾರು? ಬಹುತೇಕ ಹೆಂಗಸು. ಆಸ್ತಿಗಾಗಿ ಕೊಂದಿರ್ತಾರೆ, ಇಲ್ಲಾ ಮೋಸ ಮಾಡಿ ಬಿಟ್ಟಿರ್ತಾರೆ, ಬದುಕಿದ್ದಾಗ ಮನೇಲಿ ಅವಳ ಮಾತು ಯಾರೂ ಕೇಳಿರಲ್ಲ, ಸತ್ತ ಮೇಲೆ ಇಡೀ ಮನೆ ನಡುಗತ್ತೆ. ನಾಗಿಣಿ ಸೊಸೆಯಾಗಿ ಬರ್ತಾಳೆ, ತಲೆ ತಗ್ಗಿಸಿ ಕಾಫಿ ಕೊಡ್ತಾಳೆ, ಒಳಗೆ ವಿಷ ಇದೆ, ಶಕ್ತಿ ಇದೆ, ಮನೇಲಿ ಯಾರಿಗೂ ಗೊತ್ತಿಲ್ಲ. ಇದನ್ನ ನೋಡ್ತಾ ಸೋಫಾ ಮೇಲೆ ಕೂತಿರೋ ಸೊಸೆಗೂ ಖುಷಿ, ಪಕ್ಕದಲ್ಲಿ ಕೂತಿರೋ ಅತ್ತೆಗೂ ಖುಷಿ, ಅತ್ತೆನೂ ಒಂದು ಕಾಲಕ್ಕೆ ಸೊಸೆ ಆಗಿದ್ದೋರೇ ಅಲ್ವಾ! 2015ರಲ್ಲಿ ಹಿಂದೀಲಿ ನಾಗಿನ್ ಬಂದು ಅಷ್ಟು ಓಡಿದ್ದು, ಮರುವರ್ಷನೇ ಜೀ ಕನ್ನಡದಲ್ಲಿ ನಾಗಿಣಿ ಬಂದಿದ್ದು ಬರೀ ಗ್ರಾಫಿಕ್ಸ್ ನೋಡೋಕೆ ಅಂತ ನಂಗನ್ನಿಸಲ್ಲ, ಆ ಗ್ರಾಫಿಕ್ಸ್ ನೋಡಿದ್ರೆ ಯಾರಿಗೂ ಹಾಗನ್ನಿಸಲ್ಲ ಬಿಡಿ. ನ್ಯಾಯ ಸಿಗದೆ ಹೋದವರಿಗೆ ಎಲ್ಲಿಂದಾದ್ರೂ ನ್ಯಾಯ ಬರತ್ತೆ ಅನ್ನೋ ಆಸೆ ಅದು. ಮನೇಲಿ ಬಾಯಿಬಿಟ್ಟು ಹೇಳಕ್ಕಾಗದೇ ಇರೋದನ್ನ ದೆವ್ವದ ಬಾಯಲ್ಲಿ ಹೇಳ್ಸಿದ್ರೆ ಯಾರಿಗೂ ಮುಜುಗರ ಇಲ್ಲ.

ಹಾಗಾಗಿ ನೀವು ನಾಚಿಕೆ ಪಡೋದು ಏನೂ ಇಲ್ಲ.

ನನ್ನ ತಕರಾರು ಇರೋದು ಬೇರೆ ಕಡೆ. ನಮ್ಮ ಕೊಡಗಲ್ಲಿ ಸತ್ತವರ ಜೊತೆ ಸಂಬಂಧ ಇಟ್ಕೊಳ್ಳೋದು ಹೊಸದಲ್ಲ. ಗುರು ಕಾರಣರು ಅಂದ್ರೆ ಹೆದರ್ಸೋ ದೆವ್ವಗಳಲ್ಲ, ಮನೆ ಹಿರಿಯರು, ಐನ್‌ಮನೆ ಅಂದ್ರೆ ಕುಟುಂಬದ ಮೂಲ ಮನೆ, ಅದರ ಹತ್ರ ಕೈಮಡ ಅಂತ ಹಿರಿಯರ ಸಣ್ಣ ಗುಡಿ ಇರತ್ತೆ, ವರ್ಷಕ್ಕೊಂದ್ಸಲ ಅವ್ರಿಗೆ ಇಷ್ಟದ್ದು ಬಡಿಸ್ತೀವಿ, ಕೋಳಿ, ಹೆಂಡ ಎಲ್ಲ ಇಟ್ಟು. ತೆರೆ, ಅಂದ್ರೆ ಬಣ್ಣ ಹಚ್ಚಿ ದೈವದ ವೇಷ ಕಟ್ಟೋ ಆಚರಣೆ ಆದಾಗ ಗುಳಿಗ, ಕುಟ್ಟಿಚಾತ ಅನ್ನೋ ದೈವಗಳೋ ಕಾರಣನೋ ವೇಷ ಕಟ್ಟಿದವನ ಮೈಮೇಲೆ ಬಂದು ಮಾತಾಡತ್ತೆ, ಜನ ಕಷ್ಟ ಹೇಳ್ಕೊಳ್ತಾರೆ, ಅದೂ ಬೈಯತ್ತೆ, ಸಮಾಧಾನ ಹೇಳತ್ತೆ, ಇಂಥದ್ದು ಕೊಡಿ ಅನ್ನತ್ತೆ, ಕೊಡ್ತಾರೆ, ಬೆಳಗಾಗೋ ಹೊತ್ತಿಗೆ ಬಣ್ಣ ತೊಳ್ಕೊಂಡು ಆತ ಮನೆಗೆ ಹೋಗ್ತಾನೆ, ನಾವೂ ಊಟ ಮಾಡಿ ಮನೆಗೆ ಬರ್ತೀವಿ. ನಂಬೋದು ಬಿಡೋದು ಅವರವರಿಗೆ ಬಿಟ್ಟಿದ್ದು, ನಾನು ನೋಡೋದು ಅದು ಮುಗಿಯತ್ತೆ ಅನ್ನೋದನ್ನ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟೀಲೂ ಒಂದು ಸಮುದಾಯ ಒಪ್ಪಿರೋ ಆಚರಣೆ ಒಳಗೆ ಬಂದುಹೋಗೋ ಆವೇಶವನ್ನ ಕಾಯಿಲೆ ಅಂತ ಲೆಕ್ಕ ಹಾಕಲ್ಲ. ಭಯಕ್ಕೂ ಒಂದು ಕೆಲಸ ಇತ್ತು ನಮ್ಮಲ್ಲಿ, ಜಿಲ್ಲೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡು ಇದೆ ಅಂತಾರಲ್ಲ, ಅಲ್ಲಿ ಮರ ಉಳಿದಿರೋದ್ರಲ್ಲಿ ಆ ಭಯದ ಪಾಲೂ ಇದೆ.

ದೂರದರ್ಶನದಲ್ಲಿ 1985ರಲ್ಲಿ ಬರ್ತಿದ್ದ ವಿಕ್ರಮ್ ಔರ್ ಬೇತಾಳ್ ನೋಡಿ, ಬೇತಾಳ ಬೆನ್ನೇರಿ ಕತೆ ಹೇಳತ್ತೆ, ಪ್ರಶ್ನೆ ಕೇಳತ್ತೆ, ರಾಜ ಉತ್ತರ ಹೇಳ್ತಾನೆ, ಬೇತಾಳ ಹಾರಿ ಮರಕ್ಕೆ ಹೋಗತ್ತೆ, ಅವತ್ತಿನ ಕತೆ ಅವತ್ತಿಗೆ ಖತಂ. ಈಗಿನ ಡೈಲಿ ಸೀರಿಯಲ್‌ಗೆ ಮುಗಿಯೋ ಹಕ್ಕೇ ಇಲ್ಲ. ವಾರ ವಾರ ಗುರುವಾರ ರೇಟಿಂಗ್ ಬರತ್ತೆ, ಅದು ಬಿದ್ರೆ ಹೊಸ ಮಾಂತ್ರಿಕ ಬರ್ತಾನೆ, ಸತ್ತವಳು ಇನ್ನೊಂದು ಮುಖ ಇಟ್ಕೊಂಡು ಬರ್ತಾಳೆ. ಗಂಟೆಗೆ ಹನ್ನೆರಡು ನಿಮಿಷ ತನಕ ಜಾಹೀರಾತು ಹಾಕ್ಬಹುದು ಅಂತ ನಿಯಮ, ಅಂದ್ರೆ ಅರ್ಧ ಗಂಟೇಲಿ ಕತೆಗೆ ಉಳಿಯೋದು ಹೆಚ್ಚುಕಮ್ಮಿ ಇಪ್ಪತ್ತನಾಲ್ಕು ನಿಮಿಷ, ಅದ್ರಲ್ಲೂ ಒಂದೊಂದು ಮುಖಕ್ಕೆ ಮೂರು ಮೂರು ಸಲ ಜೂಮು, ಕೊನೇಲಿ ಒಂದು ಬಾಗಿಲು ತೆಗೆಯೋಷ್ಟರಲ್ಲಿ ನಾಳೆಗೆ ಅಂತ ನಿಲ್ಸೋದು. ನ್ಯಾಯ ಕೊಡಿಸ್ತೀನಿ ಅಂತ ಕೂರ್ಸಿ ಕೊಡ್ಸೋದೇ ಇಲ್ಲ. ಮೂಢನಂಬಿಕೆಗೆ ಪ್ರೋತ್ಸಾಹ ಕೊಡ್ಬಾರ್ದು ಅಂತ 1994ರ ಕೇಬಲ್ ಟಿವಿ ನಿಯಮದಲ್ಲೇ ಬರೆದಿದೆ. ಶುರುವಲ್ಲಿ ಸಣ್ಣ ಅಕ್ಷರದಲ್ಲಿ ಇದೆಲ್ಲ ಕಾಲ್ಪನಿಕ ಅಂತ ಓಡಿಸ್ತಾರೆ, ಕನ್ನಡಕ ಹಾಕ್ಕೊಳ್ಳೋಷ್ಟರಲ್ಲಿ ಹೋಗಿರತ್ತೆ.

ಇನ್ನು ನಿಮ್ಮತ್ತೆ. ಇಡೀ ಪತ್ರದಲ್ಲಿ ನನ್ನನ್ನ ಹಿಡಿದು ನಿಲ್ಸಿದ್ದು ನೀವು ದೂರಿನ ಥರ ಬರೆದ ಒಂದು ಮಾತು, ಮಳೆ ಜೋರಾದಷ್ಟೂ ವಾಲ್ಯೂಮ್ ಜಾಸ್ತಿ ಮಾಡ್ತಾರೆ ಅನ್ನೋದು. 2018ರ ಆಗಸ್ಟಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರುವಾಗ ಇದ್ದವ್ರು ಆ ಸದ್ದಿನ ಬಗ್ಗೆ ಇವತ್ತಿಗೂ ಹೇಳ್ತಾರೆ. ಶೀಟಿನ ಮೇಲೆ ಮಳೆ ಬೀಳೋ ಸದ್ದು ಅವರಿಗೆ ನಮಗೆ ಕೇಳಿಸಿದ ಹಾಗೆ ಕೇಳಿಸಲ್ಲ. ನಿಮ್ಮತ್ತೆ ಟಿವಿ ಜೋರು ಮಾಡೋದು ಸೀರಿಯಲ್ ಕೇಳಕ್ಕಾ, ಮಳೆ ಕೇಳ್ಬಾರ್ದು ಅಂತಾನಾ? ನೋಡದೆ ನಾನು ಇದೇ ಅಂತ ಹೇಳಕ್ಕಾಗಲ್ಲ, ಆದ್ರೆ ಡಿಶ್ ಕೀಳ್ಬೇಡಿ ಅಂದಿದ್ದು ಇದಕ್ಕೇ, ಅದನ್ನ ತೆಗೆದ್ರೆ ಅವರ ಹತ್ರ ಇರೋ ಒಂದೇ ಮದ್ದನ್ನ ಕಿತ್ಕೊಂಡಂಗೆ ಆಗ್ಬಹುದು. ನಾಗದೋಷದ ಮಾತೂ ಅಷ್ಟೇ. ಬದುಕಿಡೀ ದುಡಿದು ಮಾಡಿದ ತೋಟ ಒಂದು ಬೆಳಿಗ್ಗೆ ಇಲ್ಲ ಅಂದ್ರೆ, ನಮಗೇ ಯಾಕಾಯ್ತು ಅನ್ನೋ ಪ್ರಶ್ನೆ ಬಂದೇ ಬರತ್ತೆ. ಮಳೆ ಅತಿಯಾಯ್ತು, ಗುಡ್ಡ ಕಡಿದಿದ್ರು ಅಂತ ವಿಜ್ಞಾನಿಗಳು ಹೇಳೋದು ಸರಿ, ಆದ್ರೆ ಪಕ್ಕದವರ ಮನೆ ಉಳಿದು ನಮ್ಮದೇ ಯಾಕೆ ಹೋಯ್ತು ಅನ್ನೋದಕ್ಕೆ ಅದ್ರಲ್ಲಿ ಸಮಾಧಾನ ಇಲ್ಲ. ಸೀರಿಯಲ್ ಆ ಪ್ರಶ್ನೆಗೊಂದು ಅಡ್ರೆಸ್ ಕೊಡತ್ತೆ, ಇಂಥವರ ಶಾಪ, ಇಂಥ ಹಾವಿನ ದೋಷ ಅಂತ. ಅಡ್ರೆಸ್ ಸಿಕ್ರೆ ಹೋಗಿ ಬಾಗಿಲು ತಟ್ಟಬಹುದಲ್ಲ.

ನೀವು ಮಾಡ್ಬಹುದಾದ್ದು ಅವರ ಜೊತೆ ಕೂತು ನೋಡಿ, ಆ ಮನೆ ಹೋದ ಬಗ್ಗೆ ಕೇಳೋದು. ನಂಬಿಕೆ ಸರಿ ತಪ್ಪು ಅಂತ ವಾದಕ್ಕಿಳಿದ್ರೆ ಸೋಲೋದು ನೀವೇ, ಜೊತೆಗೆ ಸಂಬಂಧನೂ ಹಾಳು. ಜಾಹೀರಾತು ಬಂದಾಗ, ಅತ್ತೆ ಹಳೇ ಮನೇಲಿ ಕಾರಣರಿಗೆ ಯಾವಾಗ ಬಡಿಸ್ತಿದ್ರಿ, ಏನೇನು ಮಾಡ್ತಿದ್ರಿ ಅಂತ ಕೇಳಿ ನೋಡಿ. ಆ ಮನೆ ಹೋದ ಮೇಲೆ ಅದೂ ನಿಂತುಹೋಗಿದ್ರೆ, ಅವರನ್ನ ಕಾಡ್ತಿರೋದು ಅದೇ ಇರ್ಬಹುದು, ಅದನ್ನ ನಿಮ್ಮನೇಲಿ ಸರಳವಾಗಿ ಮಾಡಕ್ಕೆ ಜ್ಯೋತಿಷಿ ಹೇಳಿದಷ್ಟು ದುಡ್ಡು ಬೇಡ. ಅವರು ಅಳ್ಬಹುದು, ಅತ್ರೆ ಹೆದರ್ಬೇಡಿ, ಟಿವಿ ಆಫ್ ಮಾಡಿ ಪಕ್ಕದಲ್ಲಿರಿ.

ಪೂಜೆ ಬೇಕೇ ಬೇಕು ಅಂದ್ರೆ, ಕೈಲಿರೋ ದುಡ್ಡಲ್ಲಿ ಸುಬ್ರಹ್ಮಣ್ಯಕ್ಕೋ ಹತ್ರದ ನಾಗಬನಕ್ಕೋ ಹೋಗಿ ಒಂದು ಸೇವೆ ಮಾಡ್ಸಿ ಬನ್ನಿ, ನಾನು ಬೇಡ ಅನ್ನಲ್ಲ, ಅಲ್ಲಿಗೆ ಹೋಗಿ ಬಂದು ನಿದ್ದೆ ಮಾಡಿದವ್ರನ್ನ ನೋಡಿದೀನಿ. ಸಾಲ ಮಾತ್ರ ಮಾಡ್ಬೇಡಿ. ಈ ದಾರೀಲಿರೋ ರಿಸ್ಕು ಏನಂದ್ರೆ ಇದೂ ಸೀರಿಯಲ್ ಥರಾನೇ ಎಳೆಯೋದು, ಒಂದು ಪೂಜೆ ಆದ್ಮೇಲೆ ಇನ್ನೊಬ್ಬರು ಇನ್ನೊಂದು ದೋಷ ಹುಡುಕ್ತಾರೆ. ಹೋಗೋ ಮುಂಚೆ ಗಂಡ ಹೆಂಡ್ತಿ ಅತ್ತೆ ಮೂರೂ ಜನ ಕೂತು ಇದು ಇಷ್ಟಕ್ಕೇ ಅಂತ ಮಾತಾಡ್ಕೊಳ್ಳಿ. ಯಾರಾದ್ರೂ ದೆವ್ವ ಬಿಡಿಸ್ತೀನಿ ಅಂತ ಕಟ್ಟಿ ಹಾಕೋದು, ಹೊಡೆಯೋದು ಅಂತೆಲ್ಲ ಬಂದ್ರೆ ಅದು 2017ರಲ್ಲಿ ನಮ್ಮ ರಾಜ್ಯ ತಂದ ಕಾಯ್ದೆ ಪ್ರಕಾರ ಅಪರಾಧ, 2020ರಿಂದ ಜಾರಿಲಿದೆ.

ಡಾಕ್ಟ್ರನ್ನ ಯಾವಾಗ ನೋಡ್ಬೇಕು? ಅತ್ತೆ ಮಳೆ ಬಂದ ರಾತ್ರಿ ಮಲಗದೆ ಬಾಗಿಲ ಹತ್ರ ಕೂರೋದು, ಬಟ್ಟೆಗಂಟು ರೆಡಿ ಇಟ್ಕೊಳ್ಳೋದು, ಊಟ ಬಿಡೋದು, ಸುಮ್ಮನೆ ಅಳೋದು, ಬದುಕಿ ಏನು ಪ್ರಯೋಜನ ಅನ್ನೋ ಮಾತು, ಟಿವಿ ಆಫ್ ಆಗಿದ್ದಾಗ್ಲೂ ಯಾರೋ ಮಾತಾಡೋದು ಕೇಳ್ಸತ್ತೆ ಅನ್ನೋದು, ಇದ್ರಲ್ಲಿ ಯಾವುದಿದ್ರೂ ಕಾಯ್ಬೇಡಿ. ಮಗಳಿಗೆ ಇದೆಲ್ಲ ಮಾಡಿ ಒಂದು ತಿಂಗಳಾದ್ರೂ ಕಮ್ಮಿ ಆಗದಿದ್ರೆ, ಹಾಸಿಗೆ ಒದ್ದೆ ಮಾಡಕ್ಕೆ ಶುರು ಮಾಡಿದ್ರೆ, ಸ್ಕೂಲಿಗೆ ಹೋಗಲ್ಲ ಅಂದ್ರೆ ಅವಳನ್ನೂ ಕರ್ಕೊಂಡು ಬನ್ನಿ. ಮಡಿಕೇರಿ ಜಿಲ್ಲಾ ಆಸ್ಪತ್ರೇಲಿ ಮನೋವೈದ್ಯರು ಸಿಗ್ತಾರೆ, ಘಾಟಿ ಇಳಿದು ಮೈಸೂರಿಗೆ ಹೋಗ್ಬೇಕಂತಿಲ್ಲ. ಮಳೇಲಿ ಹೊರಡಕ್ಕಾಗಲ್ಲ ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿನೂ ಇರತ್ತೆ. ಅತ್ತೆಗೆ ಹುಚ್ಚು ಡಾಕ್ಟ್ರು ಅಂದ್ರೆ ಬರಲ್ಲ ಅಂತಾರೆ, ನಿದ್ದೆ ಬರಲ್ಲ ಅಂತ ತೋರ್ಸಕ್ಕೆ ಅಂತ ಹೇಳಿ, ಅದು ಸುಳ್ಳೂ ಅಲ್ಲ.

ನಿಮ್ಮ ಸೀರಿಯಲ್ ನೀವು ನೋಡ್ಕೊಳ್ಳಿ. ಲೈವಲ್ಲೇ ನೋಡ್ಬೇಕಂತಿಲ್ಲ, ಮಾರನೇ ದಿನ ಮಗಳು ಸ್ಕೂಲಿಗೆ ಹೋದ್ಮೇಲೆ ಫೋನಲ್ಲಿ ನೋಡಿದ್ರೆ ಜೂಮುಗಳನ್ನ ಓಡ್ಸಿ ಹತ್ತು ನಿಮಿಷದಲ್ಲಿ ಮುಗಿಯತ್ತೆ. ರಾತ್ರಿ ಆ ಹೊತ್ತು ಅತ್ತೆ ಪಕ್ಕ ಕೂರೋ ಸರದಿ ಶನಿವಾರ ನಿಮ್ಮ ಯಜಮಾನ್ರಿಗೆ ಬಿಡಿ, ಅವರಮ್ಮ ಏನು ನೋಡ್ತಾರೆ, ಯಾವ ಸೀನಿಗೆ ಕಣ್ಣೊರೆಸ್ಕೊಳ್ತಾರೆ ಅಂತ ಅವರೂ ಒಂದ್ಸಲ ನೋಡ್ಲಿ.